ಅವರ ಮಾತನ್ನು ಅವರಿಗೇ ಕಲಿಸಿದ್ದು

ಇದು ಆಗುವ ಮಾತಲ್ಲ ಎಂದವರು ನನ್ನ ದೊಡ್ಡಪ್ಪ. ದೇವಲಾಪುರದ ಪಕ್ಕದ ನಮ್ಮೂರಿನ ಡೈರಿಯ ಮುಂದೆ ಹಾಲಿನ ಕ್ಯಾನು ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದಾಗ, ಹಿಂದೆ ಮುಂದೆ ಇದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು. ನಾನು ಆಗತಾನೇ ದಕ್ಷಿಣ ಅಮೆರಿಕದ ಪೆರುವಿನಿಂದ ಓದು ಮುಗಿಸಿ ಬಂದಿದ್ದೆ. ಅಲ್ಲಿಯ ಬೆಟ್ಟದ ಜನ ಆಡುವ ಕೆಚುವಾ ಎಂಬ ಭಾಷೆಯನ್ನು ಇಲ್ಲಿಂದಲೇ ಫೋನಿನ ಮೂಲಕ ಅಲ್ಲಿಯವರಿಗೆ ಕಲಿಸುತ್ತೇನೆ ಎಂದು ಹಿಂದಿನ ದಿನ ಮನೆಯಲ್ಲಿ ಹೇಳಿದ್ದೆ.

“ಅವ್ರ ಮಾತ ಅವ್ರಿಗೇ ಕಲಿಸಾಕೆ ಇಲ್ಲಿಂದ ಒಬ್ಬಳು ಬೇಕಾ? ನಾಳೆ ಅಲ್ಲಿಂದ ಯಾವನಾರ ಬಂದು, ಗೌಡ್ರೇ ಕುಂತ್ಕಳಿ ನಿಮ್ಗೆ ಕನ್ನಡ ಏಳ್ಕೊಡ್ತೀನಿ ಅಂದ್ರೆ ನಾನ್ ಕುಂತ್ಕತೀನಾ? ಆಗಾಕಿಲ್ಲ ಬುಡು ಮಗಾ. ಬ್ಯಾರೆ ಏನಾರ ನೋಡ್ಕೊ.”

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಪೆರುವಿನ ಒಂದು ಶಿಕ್ಷಣ ಕಚೇರಿಯಲ್ಲಿದ್ದ ಅಧಿಕಾರಿಯೂ ಇದನ್ನೇ ಸ್ಪ್ಯಾನಿಷಿನಲ್ಲಿ, ಇದಕ್ಕಿಂತ ನಯವಾಗಿ ಹೇಳಿ ನನಗೆ ಟೀ ಕೊಟ್ಟು ಕಳಿಸಿದ್ದ. ದೊಡ್ಡಪ್ಪ ಟೀ ಕೊಡಿಸಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ. ಅವ್ವನದು ಹೆಬ್ಬೆಟ್ಟು. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ಹೋಗಿಬಿಟ್ಟ. ಆಮೇಲೆ ಮನೆ ಎಂದರೆ ದೊಡ್ಡಪ್ಪನೇ. ರಾಗಿ, ಹುರುಳಿ, ನಾಲ್ಕಾರು ಹಸು, ಅದರಲ್ಲೇ ನನ್ನನ್ನೂ ಓದಿಸಿದರು. ನಾಗಮಂಗಲದ ಕಾಲೇಜಿಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಹೋಗಿಬಂದೆ. ಮೈಸೂರಿನಲ್ಲಿ ಭಾಷಾಶಾಸ್ತ್ರದ ಎಂ.ಎ.ಗೆ ಸೀಟು ಸಿಕ್ಕಾಗ ದೊಡ್ಡಪ್ಪನಿಗೆ ಅದೇನೆಂದು ವಿವರಿಸಲು ಕೂತೆ. ಮನುಷ್ಯರು ಹೇಗೆ ಮಾತಾಡುತ್ತಾರೆ ಎಂದು ಕಲಿಯುವುದು ಎಂದೆ. “ಅದಕ್ಕೂ ಒಂದ್ ಓದಾ? ನಮ್ ಸಂತೇಲಿ ಒಂದ್ ದಿನ ನಿಂತ್ಕಂಡ್ರೆ ಸಾಕಲ್ವಾ?” ಎಂದು ಕೇಳಿ, ಫೀಸು ಕಟ್ಟುವುದಕ್ಕೆ ಮೈಸೂರಿಗೆ ತಾವೇ ಜೊತೆಯಲ್ಲಿ ಬಂದರು.

ಮೈಸೂರಿನ ಹಾಸ್ಟೆಲಿನಲ್ಲಿ ನಾನು ಬಾಯಿ ತೆರೆದರೆ ಸಾಕು, ಪಕ್ಕದ ಕೋಣೆಯವರು ಬಂದು ನಿಲ್ಲುತ್ತಿದ್ದರು. ನಾನು ಅಂಗೆ ಎಂದರೆ ಅಂಗೆ, ಇಂಗೆ ಎಂದರೆ ಇಂಗೆ. ನನ್ನದೇ ಮಾತು ಅವರ ಬಾಯಲ್ಲಿ ನನಗೆ ವಾಪಸು ಬರುತ್ತಿತ್ತು. ಕೆಟ್ಟವರಲ್ಲ ಅವರು, ಆಟಕ್ಕೆ ಮಾಡುತ್ತಿದ್ದರು. ಆದರೆ ನಾನು ಊಟದ ಮನೆಯಲ್ಲಿ ಸಾರು ಬೇಕೆಂದು ಕೂಡ ಕೇಳದೆ ಕೈ ತೋರಿಸುವುದನ್ನು ಕಲಿತೆ. ಆ ವರ್ಷವೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ವಾರಕ್ಕೊಮ್ಮೆ ಊರಿಗೆ ಬಂದಾಗ, ಬಸ್ಸು ಪಾಂಡವಪುರ ದಾಟುತ್ತಿದ್ದ ಹಾಗೆ ಪಕ್ಕದಲ್ಲಿ ಕೂತವರು ಯಾರೇ ಆಗಲಿ, ಅವರೊಡನೆ ಮಾತಿಗೆ ಶುರು ಮಾಡುತ್ತಿದ್ದೆ.

ಎರಡನೆಯ ವರ್ಷ ಹೊರದೇಶದಿಂದ ಬಂದಿದ್ದ ಒಬ್ಬ ಪ್ರಾಧ್ಯಾಪಕಿ ನಮಗೆ ಯಾರಿಗೂ ಗೊತ್ತಿಲ್ಲದ ಒಂದು ಭಾಷೆಯನ್ನು ಹಿಡಿದು ಪಾಠ ಮಾಡಿದರು. ಅದೇ ಕೆಚುವಾ. ಬೆಟ್ಟದ ಆಲೂಗಡ್ಡೆ ಬೆಳೆಯುವವರ ಭಾಷೆ. ಅವರು ಅದನ್ನು ರುನಾಸಿಮಿ ಎನ್ನುತ್ತಾರಂತೆ, ಎಂದರೆ ಮನುಷ್ಯರ ಮಾತು. ಕಣ್ಣಾರೆ ಕಂಡದ್ದನ್ನು ಹೇಳುವಾಗ ಒಂದು ರೀತಿ, ಯಾರೋ ಹೇಳಿ ತಿಳಿದದ್ದನ್ನು ಹೇಳುವಾಗ ಇನ್ನೊಂದು ರೀತಿ. ನಮ್ಮವ್ವ ಡೈರಿಯಿಂದ ಬಂದು, ಅಂಗಂತೆ ಇಂಗಂತೆ ಎನ್ನುವ ಹಾಗೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಅವರು ಪಾಠದ ನಡುವೆ ಹೇಳಿದ ಇನ್ನೊಂದು ಮಾತು. ಈ ಜನ ಪಟ್ಟಣಕ್ಕೆ ಇಳಿದರೆ ಅವರ ಮಾತನ್ನು ಅಲ್ಲಿಯವರು ಆಡಿ ತೋರಿಸಿ ನಗುತ್ತಾರೆ, ಅದಕ್ಕೇ ತಾಯಂದಿರು ಮಕ್ಕಳಿಗೆ ಕಲಿಸುವುದನ್ನು ಬಿಡುತ್ತಿದ್ದಾರೆ ಎಂದರು. ಊಟದ ಮನೆಯಲ್ಲಿ ಸಾರಿಗೆ ಕೈ ತೋರಿಸುತ್ತಿದ್ದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎಂ.ಎ. ಆದಮೇಲೆ ವಿದ್ಯಾರ್ಥಿವೇತನ ಸಿಕ್ಕಿ ಹೋದೆ. ಮೊದಲು ಪಟ್ಟಣದಲ್ಲಿ ಸ್ಪ್ಯಾನಿಷ್ ಕಲಿತು, ಆಮೇಲೆ ಬೆಟ್ಟ ಹತ್ತಿದೆ. ಎತ್ತರಕ್ಕೆ ನನ್ನ ಉಸಿರು ಕಟ್ಟುತ್ತಿತ್ತು. ಕಲ್ಲಿನ ಕಟ್ಟೆ ಕಟ್ಟಿದ ಹೊಲಗಳು, ಹಗಲಲ್ಲೂ ಚಳಿ. ಆದರೆ ಊರ ದಾರಿಯುದ್ದಕ್ಕೂ ನೀಲಗಿರಿ ಮರ. ಎಲೆಯನ್ನು ಉಜ್ಜಿ ಮೂಗಿಗೆ ಹಿಡಿದರೆ ನಾಗಮಂಗಲದ ರಸ್ತೆಯ ನೀಲಗಿರಿ ತೋಪಿನ ವಾಸನೆ. ಅಲ್ಲಿದ್ದಷ್ಟು ದಿನ ಆ ವಾಸನೆ ಹಿಡಿದು ಊರನ್ನು ನೆನೆದು ಅತ್ತಿದ್ದೇನೆ. ಈಗ ಉಲ್ಟಾ ಆಗಿದೆ. ನಾಗಮಂಗಲದ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಲ್ಲಿ ನೀಲಗಿರಿ ವಾಸನೆ ಬಂದರೆ ನನಗೆ ಆ ಬೆಟ್ಟವೇ ಬೇಕೆನಿಸುತ್ತದೆ.

ಅಲ್ಲಿ ನನಗೆ ಭಾಷೆ ಕಲಿಸಿದವಳು ಒಬ್ಬ ಅಜ್ಜಿ. ಅಲ್ಲಿ ಹಿರಿಯ ಹೆಂಗಸರನ್ನು ಮಾಮಾ ಎನ್ನುತ್ತಾರೆ. ಫೋನಿನಲ್ಲಿ ಇದನ್ನು ಕೇಳಿದ ಅವ್ವ, ಅತ್ತೇನ ಏನಂತಾರಂತೆ ಎಂದು ಬಿದ್ದು ಬಿದ್ದು ನಕ್ಕಿದ್ದಳು. ಆ ಅಜ್ಜಿಗೆ ಕೆಚುವಾ ಬಿಟ್ಟು ಬೇರೆ ಮಾತೇ ಬಾರದು. ನಾನು ದುಭಾಷಿಯನ್ನು ಕರೆದುಕೊಂಡು ಹೋಗಿ, ಪಾಠ ಹೇಳಿದರೆ ಇಷ್ಟು ಕೊಡುತ್ತೇನೆ ಎಂದೆ. ಅವಳು ನನ್ನ ಕೈಯನ್ನು ತಿರುಗಿಸಿ ನೋಡಿ ಏನೋ ಹೇಳಿದಳು. ಮಗ ಲಿಮಾ ಪಟ್ಟಣ ಸೇರಿದ್ದಾನೆ, ಆಲೂಗಡ್ಡೆ ಅಗೆಯಲು ಜನವಿಲ್ಲ, ನಿನ್ನ ದುಡ್ಡಿಗೆ ಗುದ್ದಲಿ ಹಿಡಿಯಲು ಬರುತ್ತದೆಯೇ, ನಿನಗೆ ಬರುತ್ತದೆಯೇ ಎಂದು ಕೇಳುತ್ತಿದ್ದಾಳೆ ಎಂದ ದುಭಾಷಿ. ಅಗೆಯಲು ಬಂದರೆ ಮಾತು ಕೊಡುತ್ತಾಳಂತೆ, ಇದಕ್ಕೆ ಇಲ್ಲಿ ಐನಿ ಎನ್ನುತ್ತಾರೆ ಎಂದು ಅವನು ನನಗೆ ಬಹಳ ಹೊತ್ತು ವಿವರಿಸಲು ನೋಡಿದ. ನಾನು ಅರ್ಧದಲ್ಲೇ ಎದ್ದು ಗುದ್ದಲಿ ಎಲ್ಲಿದೆ ಎಂದು ಕೇಳಿದೆ. ಮುಯ್ಯಾಳು ಎಂದರೇನೆಂದು ದೇವಲಾಪುರದ ಹೋಬಳಿಯವಳಿಗೆ ಪಟ್ಟಣದ ದುಭಾಷಿ ವಿವರಿಸಬೇಕೇ? ಇವತ್ತು ನೀನು ನಮ್ಮ ರಾಗಿಗೆ ಕಳೆ ತೆಗೆಯಲು ಬಂದರೆ ನಾಳೆ ನಾನು ನಿಮ್ಮ ಹೊಲಕ್ಕೆ. ಕೂಲಿಯ ಮಾತಿಲ್ಲ, ಮಧ್ಯಾಹ್ನದ ಊಟ ಹೊಲದ ಮನೆಯವರದು. ಅವ್ವನ ಕೈ ಹಿಡಿದು ನಾನೂ ಹೋಗಿದ್ದೇನೆ.

ಆ ಸುಗ್ಗಿಯೆಲ್ಲ ಅಗೆದೆ. ನಡು ಬಗ್ಗಿಸಿದ್ದಾಗ ಅವಳು ಪಕ್ಕದ ಸಾಲಿನಿಂದ ಮಾತಾಡುತ್ತಲೇ ಇರುತ್ತಿದ್ದಳು. ಮಣ್ಣು, ಹುಳ, ಮೋಡ, ಸೊಸೆ. ನಾನು ತಪ್ಪು ಹೇಳಿದರೆ ಅಲ್ಲೇ ಬೈಗುಳ. ಬಹಳ ತಪ್ಪಾದರೆ ಒಂದು ಸಣ್ಣ ಹೆಂಟೆ ತೆಗೆದು ನನ್ನ ಕಡೆ ಎಸೆಯುತ್ತಿದ್ದಳು. ಮಧ್ಯಾಹ್ನ ಹೆಂಟೆಗಳನ್ನೇ ಗೂಡಿನ ಹಾಗೆ ಪೇರಿಸಿ, ಒಳಗೆ ಬೆಂಕಿ ಹಾಕಿ, ಕೆಂಪಗೆ ಕಾದ ಮೇಲೆ ಆಲೂಗಡ್ಡೆ ತುಂಬಿ ಗೂಡನ್ನು ಮೇಲಿಂದ ಕೆಡವಿಬಿಡುತ್ತಿದ್ದರು. ಬೆಂದ ಗಡ್ಡೆಯನ್ನು ಕೈಯಿಂದ ಕೈಗೆ ಹಾಕಿಕೊಳ್ಳುತ್ತ ತಿನ್ನುವಾಗಲೂ ಅವಳ ಮಾತು ನಿಲ್ಲುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೂ ಉಳುಮೆಗೆ, ಬಿತ್ತನೆಗೆ, ಕುರಿ ಕಾಯಲಿಕ್ಕೆ ಹೋದೆ. ಹೀಗೆ ವರ್ಷಗಳು ಕಳೆದವು, ನನ್ನ ಪ್ರಬಂಧವೂ ಮುಗಿಯಿತು. ಡಾಕ್ಟರೇಟು ಕೊಟ್ಟವರು ವಿಶ್ವವಿದ್ಯಾಲಯದವರು. ಮಾತು ಕೊಟ್ಟವಳು ಅವಳು.

ಒಂದು ಸಂಜೆ ಅವಳು ತನ್ನ ಮೊಮ್ಮಗಳ ಫೋಟೋ ತೋರಿಸಿದಳು. ಲಿಮಾದಲ್ಲಿ ಹುಟ್ಟಿ ಬೆಳೆದ ಹುಡುಗಿ, ವರ್ಷಕ್ಕೊಮ್ಮೆ ಬರುತ್ತಾಳೆ. ಬಂದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿರುತ್ತೇವೆ, ನನ್ನ ಮಗ ಮಧ್ಯೆ ಕೂತು ಇಬ್ಬರಿಗೂ ಹೇಳುತ್ತಾನೆ, ಅವನು ಎದ್ದು ಹೋದರೆ ಮಾತೂ ಎದ್ದು ಹೋಗುತ್ತದೆ ಎಂದಳು. ಮಗನೇ ಮಗಳಿಗೆ ಕಲಿಸಿರಲಿಲ್ಲ. ಪಟ್ಟಣದ ಸ್ಕೂಲಿನಲ್ಲಿ ಅವಳನ್ನು ನೋಡಿ ಯಾರೂ ನಗಬಾರದು ಎಂದು. ಅವಳು ಇದನ್ನು ದೂರಿನ ಹಾಗೆ ಹೇಳಲಿಲ್ಲ. ಫೋಟೋವನ್ನು ಸೆರಗಿನ ಹಾಗಿದ್ದ ಶಾಲಿನ ಮೂಲೆಯಲ್ಲಿ ಒರೆಸಿ ಒಳಗಿಟ್ಟಳು.

ವೀಸಾ ಮುಗಿಯಿತು, ಊರಿಗೆ ಬಂದೆ. ದೊಡ್ಡಪ್ಪನ ಡೈರಿಯ ಮಾತು ಆಗಿನದು. ಕೆ.ಆರ್. ಪೇಟೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇಂಗ್ಲಿಷು ಪಾಠ ಹೇಳಿದೆ. ಮೈಸೂರಿನಲ್ಲಿ ಭಾಷಾಶಾಸ್ತ್ರದ ಮಕ್ಕಳಿಗೆ ರಜೆಯಲ್ಲಿ ಕೆಚುವಾದ ತರಗತಿ ಮಾಡಿದೆ. ಕನ್ನಡದಿಂದ ಕೆಚುವಾ ಕಲಿಯಲು ಒಂದು ಸಣ್ಣ ಕೈಪಿಡಿ ಬರೆದೆ, ಅದನ್ನು ಯಾರು ಕೊಂಡರೋ ನನಗೂ ಗೊತ್ತಿಲ್ಲ. ಲಿಮಾದ ಹುಡುಗ ಹುಡುಗಿಯರಿಗೆ ಫೋನಿನಲ್ಲಿ ಪಾಠ ಶುರು ಮಾಡಿದೆ, ಸೇರಿದವರು ಬಿಡುತ್ತ ಹೋದರು. ಕೆಲಸಕ್ಕೇನೂ ಬರವಿರಲಿಲ್ಲ. ಬರವಿದ್ದದ್ದು ಮಾತಿಗೆ. ಬಾಯಲ್ಲಿ ಒಂದು ಭಾಷೆ ತುಂಬಿಕೊಂಡಿದ್ದು, ಅದನ್ನು ಆಡಲು ಸುತ್ತಮುತ್ತ ಒಬ್ಬರೂ ಇಲ್ಲದಿದ್ದರೆ ಹೇಗಿರುತ್ತದೆ ಎಂದು ಹೇಳುವುದು ಕಷ್ಟ. ಭಾನುವಾರ ಬಸ್ಸು ಹತ್ತಿ ಹೇಮಗಿರಿಗೆ ಹೋಗುತ್ತಿದ್ದೆ. ಹೇಮಾವತಿಯ ದಡದ ಬಂಡೆಯ ಮೇಲೆ ಕೂತು ಜೋರಾಗಿ ಕೆಚುವಾ ಆಡುತ್ತಿದ್ದೆ. ಅಜ್ಜಿಯ ಪ್ರಶ್ನೆಯನ್ನೂ ನಾನೇ ಕೇಳಿ, ಉತ್ತರವನ್ನೂ ನಾನೇ ಹೇಳುತ್ತಿದ್ದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೈ ನಿಲ್ಲಿಸಿ, ಯಾರ ಕುಟೆ ಮಾತಾಡ್ತಿದ್ದೀಯವ್ವ ಎಂದು ಕೇಳಿದಳು. ಮುಂದಿನ ವಾರದಿಂದ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಹೋದೆ. ಆಮೇಲೆ ಯಾರೂ ಕೇಳಲಿಲ್ಲ.

ಪಾಂಡವಪುರದಲ್ಲಿ ಕಾಯಂ ಕೆಲಸ ಸಿಕ್ಕಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಮನೆ ಮಾಡಿ ಅವ್ವನನ್ನು ಕರೆದುಕೊಂಡು ಬಂದೆ. ಆ ಮನೆಗೆ ಬಂದ ವರ್ಷ ಅಜ್ಜಿಯ ಆ ಮೊಮ್ಮಗಳ ಮೆಸೇಜು ಬಂತು. ಅಪ್ಪನಿಂದ ನನ್ನ ನಂಬರು ತೆಗೆದುಕೊಂಡಿದ್ದಳು. ಮೇಷ್ಟರ ತರಬೇತಿ ಮುಗಿಸಿದ್ದಾಳೆ, ಅಜ್ಜಿಯ ಊರಿನ ಶಾಲೆಯಲ್ಲಿ ಜಾಗ ಖಾಲಿ ಇದೆ, ಅಲ್ಲಿಗೆ ಹೋಗಬೇಕೆಂದು ಆಸೆ. ಆದರೆ ಬೆಟ್ಟದ ಶಾಲೆಗೆ ಹೋಗುವವರು ಕೆಚುವಾ ಬರುತ್ತದೆ ಎಂಬ ಸರ್ಟಿಫಿಕೇಟು ತರಬೇಕು. ಅದನ್ನು ಕೊಡುವ ಮೊದಲು ಊರಿನ ಹಿರಿಯರು ಎದುರು ಕೂರಿಸಿಕೊಂಡು ಮಾತಾಡಿಸಿ ನೋಡುತ್ತಾರೆ. ಎರಡು ಸಲ ಅವಕಾಶ. ಎರಡರಲ್ಲೂ ಆಗದಿದ್ದರೆ ಆ ಜಾಗ ಬೇರೆಯವರಿಗೆ. ನೀವು ಕಲಿಸುತ್ತೀರಾ ಎಂದು ಕೇಳಿದ್ದಳು. ಕೆಳಗೆ ಇನ್ನೊಂದು ಸಾಲು: ಅಜ್ಜಿಗೆ ವಯಸ್ಸಾಗುತ್ತಿದೆ.

ಸಾಧ್ಯವೋ ಇಲ್ಲವೋ ಎಂದು ಯೋಚನೆ ಮಾಡದೆ ಒಪ್ಪಿದೆ. ಅಜ್ಜಿ ನನಗೆ ಮಾತು ಕೊಟ್ಟಿದ್ದಳು, ಅದನ್ನು ಅವಳ ಮನೆಯವರಿಗೆ ಮುಟ್ಟಿಸಬೇಕಿತ್ತು. ಇವಳಿಗೂ ಆಗದಿದ್ದರೆ ನಾನು ಇಷ್ಟು ವರ್ಷ ಕಲಿಸಿದೆ ಎನ್ನುವುದಕ್ಕೆ ಅರ್ಥವಿಲ್ಲ ಎಂದೂ ಅನಿಸಿತ್ತು.

ಇಲ್ಲಿಯ ಬೆಳಗಿನ ಜಾವ ಅಲ್ಲಿಗೆ ಹಿಂದಿನ ದಿನದ ಸಂಜೆ. ಹಾಲು ಹಾಕುವವನು ಬರುವ ಮುಂಚೆ ವಿಡಿಯೋ ಕಾಲಿನಲ್ಲಿ ನಮ್ಮ ಪಾಠ. ಹಾಳೆ ಪೆನ್ನು ಹಿಡಿದು ಕೂರಿಸಿದಾಗ ಹುಡುಗಿಯ ಬಾಯಿ ಕಟ್ಟಿಹೋಗುತ್ತಿತ್ತು. ಬರಬರುತ್ತ ಅವಳಿಗೆ ಕೇಳಿದರೆ ಬಹಳ ಅರ್ಥವಾಗುತ್ತಿತ್ತು, ಆಡಲು ಹೋದರೆ ಮಾತ್ರ ಕಿವಿ ಕೆಂಪಾಗುತ್ತಿತ್ತು. ಅದಕ್ಕೇ ಕೈಗೆ ಕೆಲಸ ಕೊಟ್ಟುಕೊಂಡೆವು. ಅವಳು ಅಲ್ಲಿ ರಾತ್ರಿಯ ಅಡುಗೆಗೆ ಆಲೂಗಡ್ಡೆ ಸಿಪ್ಪೆ ಹೆರೆಯುವುದು, ನಾನು ಇಲ್ಲಿ ಅವರೆಕಾಯಿ ಸುಲಿಯುವುದು. ಅವರೆಯ ಕಾಲ ಮುಗಿದ ಮೇಲೆ ಕಡಲೆಕಾಯಿ, ಅದೂ ಇಲ್ಲದಾಗ ಸೊಪ್ಪು ಸೋಸುವುದು. ಕಣ್ಣು ಕೈಯ ಮೇಲಿದ್ದರೆ ಮಾತು ಒಂದಿಷ್ಟು ಸಲೀಸಾಗಿ ಬರುತ್ತಿತ್ತು. ಅವ್ವ ಪಕ್ಕದಲ್ಲಿ ಕಾಫಿ ಲೋಟ ಹಿಡಿದು ಕೂತು, ಆ ಹುಡುಗಿ ಆಲೂಗಡ್ಡೆಯ ಸಿಪ್ಪೆಯನ್ನು ಬಲು ದಪ್ಪಗೆ ತೆಗೀತಾಳೆ, ಅರ್ಧ ಗಡ್ಡೆ ಕಸಕ್ಕೆ ಹೋಯ್ತದೆ ಎಂದು ದಿನಾ ಸಂಕಟಪಡುತ್ತಿದ್ದಳು. ಒಂದು ದಿನ ನಾನು ಅದನ್ನೂ ಕೆಚುವಾದಲ್ಲಿ ಹೇಳಿದೆ. ಹುಡುಗಿ ನಕ್ಕಳು. ಮಾರನೇ ದಿನದಿಂದ ಸಿಪ್ಪೆ ತೆಳ್ಳಗಾಯಿತು.

ತಿಂಗಳುಗಟ್ಟಲೆ ಹೀಗೆ ನಡೆಯಿತು. ಚೆನ್ನಾಗಿ ಆಗುತ್ತಿದೆ ಎಂದೇ ತಿಳಿದಿದ್ದೆ. ಹಿರಿಯರ ಮುಂದೆ ಮೊದಲ ಸಲ ಕೂತು ಬಂದವಳು ಫೋನು ಮಾಡಿದಳು. ಆಗಲಿಲ್ಲ. ಪ್ರತಿ ಮಾತನ್ನೂ ಅರ್ಧಕ್ಕೆ ಆಡಿ ಯಾರಾದರೂ ಮುಗಿಸಿಕೊಡಲಿ ಎಂದು ಎದುರಿನವರ ಮುಖ ನೋಡುತ್ತಾಳೆ ಎಂದರಂತೆ. ನಾನು ಸಮಾಧಾನ ಹೇಳಲು ಹೊರಟೆ. ಅವಳು ತಡೆದು ಸ್ಪ್ಯಾನಿಷಿನಲ್ಲಿ ಸಿಟ್ಟಿನಿಂದ ಕೇಳಿದಳು: “ನಾನು ತಪ್ಪು ಹೇಳಿದಾಗ ನೀವು ಒಂದು ದಿನವಾದರೂ ತಪ್ಪು ಅಂದಿರಾ? ನಾನೇನು ನಿಮ್ಮ ಮನೆಗೆ ಬಂದ ನೆಂಟಳಾ?”

ನನಗೆ ಅಲ್ಲೇ ಹೊಳೆಯಿತು. ನಮ್ಮ ಕಡೆ ಮುಯ್ಯಾಳನ್ನು ಯಾರೂ ತಿದ್ದುವುದಿಲ್ಲ. ಅವಳು ಕೂಲಿಯವಳಲ್ಲ, ಮನೆಯವಳೂ ಅಲ್ಲ. ಸಾಲಿನಲ್ಲಿ ಕಳೆ ಬಿಟ್ಟು ಹೋದರೂ, ಇಲ್ಲಿ ಉಳಿದದೆ ಕಣಮ್ಮ ಎಂದು ಹೇಳುವುದು ಮರ್ಯಾದೆಯಲ್ಲ. ಹೊಲದ ಮನೆಯವಳು ಹಿಂದಿನಿಂದ ಸದ್ದಿಲ್ಲದೆ ಹೋಗಿ ಅದನ್ನು ಕಿತ್ತು ಬರಬೇಕು. ಅವ್ವ ಹಾಗೆ ಕೀಳುತ್ತ ಹೋಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ನಾನು ಈ ಹುಡುಗಿಗೆ ಮಾಡಿದ್ದೂ ಅದನ್ನೇ. ಅವಳು ತಡವರಿಸಿದ ಕಡೆ ಉಳಿದದ್ದನ್ನು ನಾನು ಮೆತ್ತಗೆ ಮುಗಿಸಿದ್ದೆ. ತಪ್ಪಿದ ಕಡೆ ಸರಿಯಾದದ್ದನ್ನು ನಾನೇ ಆಡಿ ಮುಂದಕ್ಕೆ ಹೋಗಿದ್ದೆ. ಅವಳಿಗೆ ನೋವಾಗಬಾರದು, ಹಾಸ್ಟೆಲಿನಲ್ಲಿ ನನಗೆ ಆದಂತೆ ಆಗಬಾರದು ಎಂಬ ಆಸೆಯೂ ಅದರೊಳಗೆ ಇತ್ತು. ಅವಳ ಅಜ್ಜಿ ನನಗೆ ಹಾಗೆ ಮಾಡಿರಲಿಲ್ಲ. ಕರೆದದ್ದು ಐನಿಗೆ, ಬೈದದ್ದು ಮನೆಮಗಳಿಗೆ ಬೈದ ಹಾಗೆ.

ಮಾರನೆಯ ಬೆಳಗ್ಗೆ ಹುಡುಗಿ ಬರುತ್ತಾಳೋ ಇಲ್ಲವೋ ಎಂದು ಫೋನು ಮುಂದಿಟ್ಟುಕೊಂಡು ಕೂತೆ. ಬಂದಳು. ಮುಖ ಊದಿಕೊಂಡಿತ್ತು. ಇವತ್ತಿನಿಂದ ನೀನು ನಮ್ಮ ಮನೆಯವಳು, ಹಾಗಾಗಿ ಬೈಗುಳ ತಪ್ಪುವುದಿಲ್ಲ ಎಂದೆ. ಮೊದಲ ತಪ್ಪಿಗೇ ನಿಲ್ಲಿಸಿದೆ. ಎರಡನೆಯದಕ್ಕೂ ನಿಲ್ಲಿಸಿದೆ. ಮೂರನೆಯದಕ್ಕೆ ಅವಳ ಅಜ್ಜಿ ನನಗೆ ಬೈಯುತ್ತಿದ್ದ ಬೈಗುಳವನ್ನೇ, ಅವಳದೇ ರಾಗದಲ್ಲಿ ಬೈದೆ. ಹುಡುಗಿ ಚಾಕು ಕೆಳಗಿಟ್ಟಳು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಅತ್ತುಬಿಡುತ್ತಾಳೆ, ಇನ್ನು ನಾಳೆಯಿಂದ ಬರುವುದಿಲ್ಲ ಎಂದುಕೊಂಡೆ. ಅವಳು ಅಳಲಿಲ್ಲ. ಕೆಚುವಾದಲ್ಲಿ, ಒಂದೇ ಉಸಿರಿಗೆ, ಎಲ್ಲೂ ತಡೆಯದೆ ನನಗೆ ತಿರುಗಿಸಿ ಬೈದಳು. ನನ್ನ ಬಾಯಿಗೆ ಅಡ್ಡ ಬರಬೇಡ, ನಾನು ಹೇಳಿ ಮುಗಿಸುವ ತನಕ ಸುಮ್ಮನಿರು ಎಂದು.

ಅದು ಅವಳು ನನ್ನ ಸಹಾಯವಿಲ್ಲದೆ ಆಡಿದ ಮೊದಲ ಮಾತು. ಪಕ್ಕದಲ್ಲಿದ್ದ ಅವ್ವ, “ಏನಂತೆ? ಜಗಳ ಆಡ್ತಾವ್ಳಾ?” ಎಂದು ಮೆತ್ತಗೆ ಕೇಳಿದಳು. ಹೂಂ ಎಂದೆ. “ಆಡ್ಲಿ ಬುಡು” ಎಂದಳು ಅವ್ವ.

ಅಲ್ಲಿಂದ ಮುಂದೆ ನಮ್ಮ ಬೆಳಗುಗಳು ಜಗಳದಲ್ಲೇ ಕಳೆದವು. ನಾನು ಬೈಯುವುದು, ಅವಳು ತಿರುಗಿ ಬೀಳುವುದು. ಅಕ್ಕಪಕ್ಕದ ಮನೆಯವರು ಅವ್ವನನ್ನು ನಲ್ಲಿಯ ಹತ್ತಿರ ಹಿಡಿದು, ನಿಮ್ ಮಗಳು ಯಾರ್ ಮ್ಯಾಲಮ್ಮ ದಿನಾ ಬೆಳಗಾಗೆದ್ದು ಕೂಗಾಡದು ಎಂದು ಕೇಳುತ್ತಿದ್ದರಂತೆ. ಪಾಠ ಅಂತೆ ಕಣಮ್ಮ ಎಂದು ಅವ್ವ ಹೇಳಿದರೆ ಅವರು ನಂಬುತ್ತಿರಲಿಲ್ಲ.

ನನಗೆ ಮಾತ್ರ ಅದು ಹೊಟ್ಟೆ ತುಂಬುವ ಹೊತ್ತು. ಹುಡುಗಿ ಸಿಟ್ಟಾದಾಗ ಅವಳ ದನಿ ಅಜ್ಜಿಯ ದನಿಯ ಹಾಗೆಯೇ ಮೇಲಕ್ಕೆ ಹೋಗುತ್ತಿತ್ತು. ಒಂದೆರಡು ಸಲ ಕಣ್ಣು ಮುಚ್ಚಿಕೊಂಡು ಕೇಳಿದೆ. ಪಾಠ ಮುಗಿದು ಫೋನು ಆರಿದರೆ ಪಟ್ಟಣದ ಸದ್ದು ಶುರುವಾಗುತ್ತಿತ್ತು. ಹೈವೇಯ ಲಾರಿ, ಸ್ಟೇಷನ್ನಿಗೆ ಬರುವ ರೈಲು, ತರಕಾರಿ ಗಾಡಿಯವನು. ನಾನು ಪಾಂಡವಪುರದ ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಿದ್ದೆ. ಮತ್ತೆ ಮಾರನೆಯ ಬೆಳಗಿನ ತನಕ ಆ ಭಾಷೆಯಲ್ಲಿ ನನ್ನನ್ನು ಕರೆಯುವವರು ಇರಲಿಲ್ಲ. ಅಜ್ಜಿಗೆ ಫೋನಿಲ್ಲ. ಇದ್ದರೂ ಅವಳಿಗೆ ಕಿವಿ ಮಂದವಾಗಿತ್ತು, ಸಿಗ್ನಲ್ಲು ಸಿಗಬೇಕಾದರೆ ಗುಡ್ಡ ಹತ್ತಬೇಕು. ನಾನು ಹೊರಟು ಬಂದ ದಿನದಿಂದ ಅವಳ ಬಾಯಿಂದ ಒಂದು ಮಾತೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಎರಡನೆಯ ಸಲ ಹಿರಿಯರ ಮುಂದೆ ಕೂತ ಮಾರನೆಯ ಬೆಳಗ್ಗೆ ಪಾಠದ ಹೊತ್ತಿಗೆ ಹುಡುಗಿ ಫೋನು ಮಾಡಲಿಲ್ಲ. ನಾನು ಕ್ಲಾಸಿನಲ್ಲಿ ಏನು ಪಾಠ ಹೇಳಿದೆನೋ ದೇವರಿಗೇ ಗೊತ್ತು. ಸಂಜೆ ಬಸ್ಸಿನಲ್ಲಿ ಬರುವಾಗ ಮೆಸೇಜು ಬಂತು. ಒಬ್ಬ ಹಿರಿಯ ಅವಳ ಮಾತಿನ ನಡುವೆ ಬಾಯಿ ಹಾಕಿದನಂತೆ. ಇವಳು ಅವನನ್ನು ಸುಮ್ಮನಿರಿಸಿ, ತನ್ನ ಮಾತು ಮುಗಿಸಿ, ಆಮೇಲೆ ಅವನ ಪ್ರಶ್ನೆಗೆ ಬಂದಳಂತೆ. ಅವರೆಲ್ಲ ಬಹಳ ಹೊತ್ತು ನಕ್ಕರಂತೆ. ಆಯಿತು, ಕೊಡುತ್ತಾರಂತೆ ಎಂದು ಬರೆದಿದ್ದಳು. ನಾನು ಬಸ್ಸಿನಲ್ಲಿ ಅಳುತ್ತಿದ್ದುದನ್ನು ಕಂಡು ಪಕ್ಕದ ಸೀಟಿನ ಹೆಂಗಸು ಕಿಟಕಿ ಸ್ವಲ್ಪ ತೆಗೆದಳು.

ಸರ್ಟಿಫಿಕೇಟು ಕೊಡುವ ದಿನ ಅಲ್ಲಿಗೆ ಬೆಳಗ್ಗೆ, ನಮಗೆ ದೀಪ ಹಚ್ಚುವ ಹೊತ್ತು. ದೊಡ್ಡಪ್ಪ ನೆಂಟರ ಮದುವೆಗೆಂದು ಶ್ರೀರಂಗಪಟ್ಟಣದ ಛತ್ರಕ್ಕೆ ಬಂದವರು ಆ ರಾತ್ರಿ ನಮ್ಮಲ್ಲೇ ಉಳಿದಿದ್ದರು. ಲ್ಯಾಪ್‌ಟಾಪಿನ ಮುಂದೆ ನಾನು, ಅವ್ವ, ಕುರ್ಚಿ ಎಳೆದುಕೊಂಡು ದೊಡ್ಡಪ್ಪ. ಹುಡುಗಿಯ ಗೆಳತಿಯೊಬ್ಬಳು ಫೋನು ಹಿಡಿದು ತೋರಿಸುತ್ತಿದ್ದಳು. ಶಾಲೆಯ ಅಂಗಳ, ಅದರ ಆಚೆ ನನಗೆ ಗೊತ್ತಿದ್ದ ಗುಡ್ಡ, ಅದರ ಕೆಳಗೆ ನಾನು ಅಗೆದ ಹೊಲ. ಸಿಗ್ನಲ್ಲು ಕಟ್ಟಾಗಿ ಮತ್ತೆ ಬರುತ್ತಿತ್ತು. ದೊಡ್ಡಪ್ಪ ಹೊಲವನ್ನು ನೋಡಿ, ಅಷ್ಟೊಂದು ಕಲ್ಲಿನಾಗೆ ಏನ್ ಬೆಳೀತಾರೆ ಎಂದು ಅವ್ವನನ್ನು ಕೇಳಿದರು. ಅವ್ವ, ಆಲೂಗಡ್ಡೆಯಂತೆ ಎಂದಳು.

ಆಮೇಲೆ ಅಜ್ಜಿ ಕಾಣಿಸಿದಳು. ಬಹಳ ಕುಗ್ಗಿದ್ದಳು, ಶಾಲು ಮಾತ್ರ ಅದೇ. ಬೆಂಚಿನ ಮೇಲೆ ಕೂರಿಸಿದ್ದರು. ನಾನು ಲ್ಯಾಪ್‌ಟಾಪಿಗೆ ಬಗ್ಗಿ ಮಾಮಾಯ್ ಎಂದು ಕರೆದೆ. ಆ ಅಂಗಳದ ಗದ್ದಲದಲ್ಲಿ ಅದು ಅವಳಿಗೆ ಮುಟ್ಟಲಿಲ್ಲ. ಕಚೇರಿಯಿಂದ ಬಂದವನು ಹೆಸರು ಕೂಗಿ, ಹುಡುಗಿಯ ಕೈಗೆ ಸರ್ಟಿಫಿಕೇಟು ಕೊಟ್ಟ. ಚಪ್ಪಾಳೆ ಹೊಡೆದರು. ಅವಳು ನೇರ ಬೆಂಚಿನ ಹತ್ತಿರ ಬಂದು ಅದನ್ನು ಅಜ್ಜಿಯ ತೊಡೆಯ ಮೇಲಿಟ್ಟಳು. ಅಜ್ಜಿ ಅದನ್ನು ನೋಡಲಿಲ್ಲ. ಹುಡುಗಿಯ ಎರಡೂ ಕೆನ್ನೆ ಹಿಡಿದು ಏನೋ ಕೇಳಿದಳು, ಹುಡುಗಿ ಏನೋ ಹೇಳಿದಳು, ಅಜ್ಜಿ ಮತ್ತೆ ಕೇಳಿದಳು. ಮಧ್ಯೆ ಯಾರೂ ಕೂತಿರಲಿಲ್ಲ. ಹುಡುಗಿಯ ಅಪ್ಪ ಗೋಡೆಗೆ ಒರಗಿ ದೂರ ನಿಂತಿದ್ದ.

ಫೋನು ಹಿಡಿದವಳು ಹತ್ತಿರ ಹೋದಳು. ಈಗ ಅವರ ಮಾತು ಕೇಳುತ್ತಿತ್ತು. ಊಟವಾಯಿತೇ, ಇಲ್ಲಿಯ ಚಳಿಗೆ ಆ ಅಂಗಿ ಸಾಕೇ, ಯಾವ ಕೋಣೆಯಲ್ಲಿ ಇರುತ್ತೀಯ, ನನ್ನ ಹತ್ತಿರವೇ ಮಲಗು. ಅಷ್ಟೇ. ನಾನು ಅವ್ವನಿಗೂ ದೊಡ್ಡಪ್ಪನಿಗೂ ಹೇಳುತ್ತ ಹೋದೆ. ಇನ್ನೇನು ನನ್ನ ಮಾತು ಬರುತ್ತದೆ, ನೋಡು ನಿನ್ನ ಮೊಮ್ಮಗಳಿಗೆ ಕಲಿಸಿದವಳು ಇಲ್ಲಿದ್ದಾಳೆ ಎಂದು ಯಾರಾದರೂ ಫೋನನ್ನು ಅಜ್ಜಿಗೆ ತೋರಿಸುತ್ತಾರೆ, ಅವಳು ಇತ್ತ ತಿರು‌ಗುತ್ತಾಳೆ ಎಂದು ಕಾದೆ. ಅವರಿಬ್ಬರಿಗೆ ಮಾತೇ ಮುಗಿಯಲಿಲ್ಲ. ಸಿಗ್ನಲ್ಲು ಹೋಯಿತು. ಮತ್ತೆ ಬರಲಿಲ್ಲ.

ನಾನು ಪರದೆಯನ್ನು ನೋಡುತ್ತ ಕೂತೇ ಇದ್ದೆ. ದೊಡ್ಡಪ್ಪ ಕುರ್ಚಿಯಿಂದ ಎದ್ದು, ಟವೆಲನ್ನು ಹೆಗಲಿಗೆ ಹಾಕಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟರು.

“ನಿನ್ ಕಡೆ ತಿರುಗ್ನಿಲ್ಲ ಅಂತ ಯಾಕವ್ವ ಮಕ ಸಣ್ಣ ಮಾಡ್ಕಂಡಿದ್ದೀಯ? ಅಷ್ಟ್ ದಿನ ಆದ್ಮ್ಯಾಲೆ ಮೊಮ್ಮಗಳು ಬಾಯ್ತುಂಬ ಮಾತಾಡ್ತಾವ್ಳೆ. ಅದ್ ಬುಟ್ಟು ನಿನ್ನ ನೋಡ್ಬೇಕಿತ್ತಾ?”